ಉಲ್ಮ್‌ನ ಚೌಕದಲ್ಲಿ ಒಂದು ಭಾನುವಾರ

ಉಲ್ಮ್ ನಗರದಲ್ಲಿ ನಡೆಯುವ ಕ್ರೈಸ್ತ ವಾದ್ಯಸಂಗೀತದ ಉತ್ಸವಕ್ಕೆ ಗೆಳೆಯರೊಡನೆ ಹೋಗುತ್ತಿದ್ದೇನೆಂದು ಶನಿವಾರ ರಾತ್ರಿ ಫೋನಿನಲ್ಲಿ ತಿಳಿಸಿದಾಗ, ಮೈಸೂರಿನಲ್ಲಿರುವ ನನ್ನ ತಾಯಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, “ಹೋಗಿ ಬಾ. ಆದರೆ ಹುಷಾರು ಕಣಪ್ಪ, ನಿನ್ನನ್ನೂ ಅವರ ಧರ್ಮಕ್ಕೆ ಸೇರಿಸಿಕೊಂಡುಬಿಟ್ಟಾರು” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಮಗನನ್ನು ಏಳು ಸಾವಿರ ಕಿಲೋಮೀಟರು ದೂರ ಕಳುಹಿಸಿದ ತಾಯಿಯ ಅಂಜಿಕೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಆದುದರಿಂದ ಆ ಭಾನುವಾರ ನಾನು ಕಂಡುದನ್ನೂ ಕೇಳಿದುದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಜರ್ಮನಿಗೆ ಕಳುಹಿಸಿದವರಿಗೂ, ಬರಲು ಸಿದ್ಧತೆ ನಡೆಸಿರುವವರಿಗೂ ಇದರಿಂದ ಏನಾದರೂ ಪ್ರಯೋಜನವಾದೀತು.

ನಮ್ಮನ್ನು ಕರೆದವರು ನನ್ನ ಕೆಳಗಿನ ಮನೆಯ ನಿವೃತ್ತ ಶಿಕ್ಷಕರು. ಗುರುವಾರ ಸಂಜೆಗಳಲ್ಲಿ ಅವರು ದೊಡ್ಡದೊಂದು ಟ್ಯೂಬಾವನ್ನು ಹೆಗಲಿಗೇರಿಸಿಕೊಂಡು ಚರ್ಚಿನ ಅಭ್ಯಾಸಕ್ಕೆ ಹೊರಡುವುದನ್ನು ಎರಡು ವರ್ಷ ಬರಿದೆ ನೋಡಿದ್ದೆ. ಅವರು ಚರ್ಚಿನ ‘ಪೊಸೌನನ್‌ಕೋರ್’, ಅಂದರೆ ಹಿತ್ತಾಳೆ ವಾದ್ಯಮೇಳದ ಸದಸ್ಯರು. ಈ ದೇಶದ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಇಂಥ ಮೇಳಗಳು ಸಾವಿರಾರು ಇವೆ. ಬಾರಿಸುವವರು ಬಹುಪಾಲು ಸಂಬಳವಿಲ್ಲದ ಹವ್ಯಾಸಿಗಳು: ಬಡಗಿ, ದಾದಿ, ರೈತ, ಶಾಲೆಯ ಹುಡುಗಿ. ಆರಂಭದ ಮೇಳಗಳಲ್ಲೊಂದು 1843ರಲ್ಲಿ ಬೀಲೆಫೆಲ್ಡ್ ಬಳಿಯ ಯೋಲೆನ್‌ಬೆಕ್ ಎಂಬ ಹಳ್ಳಿಯಲ್ಲಿ ಹುಟ್ಟಿತು. ಅದೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ಅದನ್ನು ಹೊರತಂದವನೂ ಜರ್ಮನ್ನನೇ ಎಂಬುದನ್ನು ಓದುಗರು ಬಲ್ಲರು.

ವ್ಯುರ್ಟೆಂಬರ್ಗ್ ಪ್ರಾಂತದ ಮೇಳಗಳೆಲ್ಲ ಎರಡು ವರ್ಷಗಳಿಗೊಮ್ಮೆ, ಬೇಸಿಗೆಯ ಒಂದು ಭಾನುವಾರ ಉಲ್ಮ್‌ನಲ್ಲಿ ನೆರೆಯುತ್ತವೆ. ಆ ದಿನಕ್ಕೆ ‘ಲಾಂಡೆಸ್‌ಪೊಸೌನನ್‌ಟಾಗ್’ ಎಂದು ಹೆಸರು. ಹೊರಟವರು ನಾವು ಮೂವರು: ನಾನು, ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಮಂಗಳೂರಿನ ಗೆಳತಿ, ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಧಾರವಾಡದ ಹುಡುಗ. ಅವನನ್ನು ಬಲವಂತದಿಂದಲೇ ಎಬ್ಬಿಸಿ ತಂದೆವು. ಕೆಲವು ವಾರಗಳಿಂದ ಅವನು ಯಾರ ಫೋನನ್ನೂ ಎತ್ತುತ್ತಿರಲಿಲ್ಲ.

ಸ್ಟುಟ್‌ಗಾರ್ಟ್‌ನಿಂದ ಉಲ್ಮ್‌ಗೆ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು. ತಿಂಗಳ ‘ಡಾಯ್ಚ್‌ಲಾಂಡ್ ಟಿಕೆಟ್’ ಇದ್ದವರು ಬೇರೆ ಚೀಟಿ ಕೊಳ್ಳಬೇಕಾಗಿಲ್ಲ. ರೈಲು ಹೊರಟ ಸ್ವಲ್ಪ ಹೊತ್ತಿಗೆಲ್ಲ ನೆಕಾರ್ ನದಿಯ ದಡದ ಎಸ್ಲಿಂಗನ್ ಪಟ್ಟಣವನ್ನು ಹಾದುಹೋಗುತ್ತದೆ. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡುದು ಇಲ್ಲಿಯೇ. ಇದೇ ಪ್ರಾಂತದ ಬ್ರಾಕನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿ, 1836ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದವನು ಆತ. ಬಂದ ಉದ್ದೇಶ ಮತಪ್ರಚಾರ; ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ಮನುಷ್ಯ ಕನ್ನಡವನ್ನು ಶ್ರದ್ಧೆಯಿಂದ ಕಲಿತು, ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣಗಳನ್ನು ಮುದ್ರಣಕ್ಕೆ ತಂದ. ಹರಿದಾಸರ ಹಾಡುಗಳನ್ನು ಸಂಗ್ರಹಿಸಿ ‘ದಾಸರ ಪದಗಳು’ ಎಂದು ಅಚ್ಚು ಹಾಕಿಸಿದ. ನನ್ನ ತಾಯಿ ಪ್ರತಿದಿನ ಬೆಳಿಗ್ಗೆ ದೇವರ ಮುಂದೆ ಹಾಡುವ ದಾಸರ ಪದಗಳು ಮೊದಲು ಅಚ್ಚಿನ ಮೊಳೆಗಳನ್ನು ಕಂಡುದು ಒಬ್ಬ ಪಾದ್ರಿಯ ಕೈಯಲ್ಲಿ. ಪರರ ಹಾಡನ್ನು ಕೇಳಿದ ಮಾತ್ರಕ್ಕೆ ಅವನ ನಂಬಿಕೆ ಕದಲಲಿಲ್ಲ. ಅವನು ಕೇಳಿದುದರಿಂದ ನಮಗೆ ನಷ್ಟವೂ ಆಗಲಿಲ್ಲ. ಈ ಮಾತನ್ನು ತಾಯಿಗೆ ಹೇಳಬೇಕೆಂದು ರೈಲಿನಲ್ಲಿಯೇ ನಿಶ್ಚಯಿಸಿಕೊಂಡೆ.

ಉಲ್ಮ್‌ನಲ್ಲಿ ಇಳಿದರೆ ಎಲ್ಲೆಲ್ಲೂ ವಾದ್ಯದ ಚೀಲಗಳು. ಬೀದಿಯ ತಿರುವಿನಲ್ಲಿ ಮ್ಯುನ್‌ಸ್ಟರ್ ಚರ್ಚಿನ ಗೋಪುರ ಒಮ್ಮೆಗೇ ಎದುರಾಗುತ್ತದೆ. 1890ರಲ್ಲಿ ಪೂರ್ಣಗೊಂಡ ಅದರ ಎತ್ತರ 161 ಮೀಟರಿಗೂ ಹೆಚ್ಚು. 2025ರಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಮೀರಿಸುವವರೆಗೆ ಜಗತ್ತಿನ ಅತ್ಯಂತ ಎತ್ತರದ ಚರ್ಚು ಇದೇ ಆಗಿತ್ತು. 1944ರ ಡಿಸೆಂಬರಿನ ಬಾಂಬು ದಾಳಿಯಲ್ಲಿ ಸುತ್ತಲಿನ ಹಳೆಯ ಊರು ಬಹುಮಟ್ಟಿಗೆ ನಾಶವಾದಾಗಲೂ ಈ ಗೋಪುರ ನಿಂತೇ ಇತ್ತು. ಅದರ ಕೆಳಗಿನ ಚೌಕದಲ್ಲಿ ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಟ್ಯೂಬಾ ಹಿಡಿದ ಸಾವಿರಾರು ಜನ ಸಾಲುಸಾಲಾಗಿ ನಿಂತಿದ್ದರು. ಎಂಟು ವರ್ಷದ ಹುಡುಗನ ಪಕ್ಕದಲ್ಲಿ ಎಂಬತ್ತರ ಅಜ್ಜ. ಇಬ್ಬರ ಮುಂದೆಯೂ ಒಂದೇ ಸ್ವರಪುಸ್ತಕ.

ಬೆಳಗಿನ ಪ್ರಾರ್ಥನೆ ಮುಗಿದು ವಾದನ ಆರಂಭವಾದಾಗ ಮಂಗಳೂರಿನ ಗೆಳತಿ ನನ್ನ ತೋಳನ್ನು ಹಿಡಿದಳು. “ಇದು ನಮ್ಮ ಅಜ್ಜಿಯ ಹಾಡು ಮಾರಾಯ!” ಎಂದಳು. ಅದು ‘ನುನ್ ಡಾಂಕೆಟ್ ಆಲೆ ಗಾಟ್’ ಎಂಬ, ಹದಿನೇಳನೆಯ ಶತಮಾನದ ಕೃತಜ್ಞತಾ ಗೀತೆ. ಅವಳ ಹಿರಿಯರು ಬಾಸೆಲ್ ಮಿಷನ್ನಿನ ಸಭೆಗೆ ಸೇರಿದವರು. ಜರ್ಮನ್ ರಾಗಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿದ ಹಾಡುಗಳನ್ನು ಬಾಲ್ಯದಿಂದ ಹಾಡುತ್ತ ಬಂದವರು. “ಇದು ನಮ್ಮೂರಿನದೇ ರಾಗ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ” ಎಂದು ಕಣ್ಣೊರಸಿಕೊಂಡು, ಸುತ್ತಲಿದ್ದವರು ಜರ್ಮನಿನಲ್ಲಿ ಹಾಡುತ್ತಿದ್ದಂತೆ ಅವಳು ಮೆಲ್ಲಗೆ ಕನ್ನಡದಲ್ಲಿ ಹಾಡತೊಡಗಿದಳು. ಪಕ್ಕದ ಹೆಂಗಸೊಬ್ಬರು ತಿರುಗಿ ನೋಡಿ, ಯಾವ ಭಾಷೆಯೆಂದು ಕೇಳಿದರು. ಮೂರು ವರ್ಷಗಳಿಂದ ಇಲ್ಲಿದ್ದರೂ, ತನ್ನ ಭಾಷೆಯ ಹೆಸರನ್ನು ಒಬ್ಬರು ಕುತೂಹಲದಿಂದ ಕೇಳಿದುದು ಅದೇ ಮೊದಲೆಂದು ಅವಳು ಆಮೇಲೆ ಹೇಳಿದಳು.

ಬರಲಿರುವವರಿಗೆ ಇಲ್ಲಿ ಎರಡು ವ್ಯವಹಾರದ ಮಾತು. ಸಸ್ಯಾಹಾರಿಗಳು ಶ್ವಾಬಿಯದ ಆಲೂಗಡ್ಡೆ ಸಾಲಡನ್ನು ಕಣ್ಣುಮುಚ್ಚಿ ನಂಬಬಾರದು. ಅದನ್ನು ಮಾಂಸದ ಸಾರಿನಲ್ಲಿ ಕಲಸುವುದು ಇಲ್ಲಿನ ರೂಢಿ. ಕೇಳಿ ತಿನ್ನಬೇಕು, ಇಲ್ಲವೆ ಪ್ರೆಟ್ಸೆಲ್ ಕೊಳ್ಳಬೇಕು. ಎರಡನೆಯದು, ಊರಿಗೆ ಬಂದೊಡನೆ ವಿಳಾಸ ನೋಂದಾಯಿಸುವಾಗ ಧರ್ಮವನ್ನು ಕೇಳುತ್ತಾರೆ. ಅದು ಜಾತಿ ವಿಚಾರಣೆಯಲ್ಲ, ತೆರಿಗೆಯ ಲೆಕ್ಕ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಚರ್ಚಿನ ಸದಸ್ಯರು ತಮ್ಮ ಆದಾಯ ತೆರಿಗೆಯ ಮೇಲೆ ಚರ್ಚಿನ ತೆರಿಗೆ ಕೊಡಬೇಕು. ಬವೇರಿಯಾ ಮತ್ತು ಬಾಡನ್-ವ್ಯುರ್ಟೆಂಬರ್ಗ್‌ಗಳಲ್ಲಿ ಅದು ಆದಾಯ ತೆರಿಗೆಯ ನೂರಕ್ಕೆ 8ರಷ್ಟು, ಉಳಿದೆಡೆ 9ರಷ್ಟು. ನಮ್ಮ ಕ್ರೈಸ್ತ ಬಂಧುಗಳು ಇದನ್ನು ಮೊದಲೇ ತಿಳಿದು ಬರುವುದು ಒಳ್ಳೆಯದು. ಜರ್ಮನಿಯಲ್ಲಿ ಈ ಎರಡು ಚರ್ಚುಗಳ ಸದಸ್ಯರು ಈಗ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ನನ್ನ ತಾಯಿ ಅಂಜಿದಂತೆ ಅಲ್ಲಿ ಯಾರೂ ನಮ್ಮನ್ನು ಸೆಳೆದುಕೊಳ್ಳಲು ಕಾದಿರಲಿಲ್ಲ. ಬಾಟಲಿಗಳನ್ನು ಪೆಟ್ಟಿಗೆಗೆ ಜೋಡಿಸಲು ಕೈ ಬೇಕಾಗಿತ್ತು, ಜೋಡಿಸಿದೆವು.

ಮಧ್ಯಾಹ್ನ ಡ್ಯಾನ್ಯೂಬಿನ ದಡದಲ್ಲಿ ಕುಳಿತಾಗ ಧಾರವಾಡದ ಹುಡುಗ ಬಾಯಿಬಿಟ್ಟ. “ಒಂದು ವಿಷಯದಾಗ ಎರಡು ಸಲ ಫೇಲ್ ಆಗೇನ್ರಿ. ಮನ್ಯಾಗ ಇನ್ನೂ ಹೇಳಿಲ್ಲ” ಎಂದ. ಹಲವು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ ಪರೀಕ್ಷೆಯೊಂದಕ್ಕೆ ಮೂರೇ ಅವಕಾಶ. ಕೊನೆಯದರಲ್ಲಿಯೂ ಎಡವಿದರೆ ಆ ಪದವಿಯನ್ನು ಕೈಬಿಡಬೇಕಾಗುತ್ತದೆ. ಅದೇ ವ್ಯಾಸಂಗವನ್ನು ದೇಶದ ಬೇರೊಂದು ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವ ದಾರಿಯೂ ಸಾಮಾನ್ಯವಾಗಿ ಮುಚ್ಚುತ್ತದೆ. ಅವನನ್ನು ಇಲ್ಲಿಗೆ ಕಳುಹಿಸಿದ ಏಜೆಂಟರು ಈ ಮಾತನ್ನು ಹೇಳಿರಲಿಲ್ಲ. ವೀಸಾಕ್ಕಾಗಿ ಬ್ಯಾಂಕಿನಲ್ಲಿ ತೋರಿಸಬೇಕಾದ ವರ್ಷದ ಖರ್ಚಿನ ಹಣಕ್ಕೆಂದು ತಂದೆ ಹೊಲ ಅಡವಿಟ್ಟಿದ್ದರು. ಆ ಮೊತ್ತ 2024ರ ಸೆಪ್ಟೆಂಬರಿನಿಂದ 11,904 ಯೂರೊ. “ಅಪ್ಪ ದಿನಾ ಕೇಳ್ತಾರ್ರಿ, ನೌಕರಿ ಯಾವಾಗ ಹತ್ತತೈತಿ ಅಂತ. ಹ್ಯಾಂಗ್ ಹೇಳ್ಲಿ?” ಎಂದು ತಲೆ ತಗ್ಗಿಸಿದ.

ನಾವು ಮೂವರೂ ಒಂದೇ ಊರಿನಲ್ಲಿದ್ದೆವು. ಹಬ್ಬಗಳಲ್ಲಿ ಸೇರುತ್ತಿದ್ದೆವು, ಬಿಸಿಬೇಳೆಬಾತು ಹಂಚಿಕೊಳ್ಳುತ್ತಿದ್ದೆವು. ಆದರೂ ಇದು ನಮಗೆ ತಿಳಿದಿರಲಿಲ್ಲ. ನಮ್ಮ ಕೂಟಗಳಲ್ಲಿ ಗೆದ್ದವರ ಸುದ್ದಿಗಷ್ಟೇ ಜಾಗವಿರುತ್ತದೆ. ಕಾರು ಕೊಂಡವರು, ಮನೆ ಕೊಂಡವರು, ಪೌರತ್ವ ಪಡೆದವರು. ಸೋಲನ್ನು ಹೇಳಿಕೊಳ್ಳಲು ಅಂದು ಅವನಿಗೆ ಅಪರಿಚಿತರ ಊರಿನ ಒಂದು ಕಲ್ಲುಬೆಂಚು ಬೇಕಾಯಿತು.

ಆ ಹೊತ್ತಿಗೆ ನಮ್ಮ ಟ್ಯೂಬಾ ಶಿಕ್ಷಕರು ಬಂದು ಪಕ್ಕದಲ್ಲಿ ಕುಳಿತರು. ಹುಡುಗ ತನ್ನ ಹರುಕುಮುರುಕು ಜರ್ಮನಿನಲ್ಲಿಯೇ ವಿಷಯ ಹೇಳಿದ. ಅವರು ಸಮಾಧಾನದ ಮಾತನ್ನೇನೂ ಆಡಲಿಲ್ಲ. ಪ್ರತಿ ವಿಶ್ವವಿದ್ಯಾಲಯದಲ್ಲಿಯೂ ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಕಚೇರಿಯಿದೆಯೆಂದೂ, ಮೂರನೆಯ ಪರೀಕ್ಷೆಯ ದಿನ ನಿಗದಿಯಾಗುವ ಮುನ್ನವೇ ಅಲ್ಲಿಗೆ ಹೋಗಬೇಕೆಂದೂ, ಬೇಕಾದರೆ ಸೋಮವಾರ ತಾವೂ ಜೊತೆಗೆ ಬರುವುದಾಗಿಯೂ ಹೇಳಿದರು. ಹೇಳಿದಂತೆ ಬಂದರು ಕೂಡ.

ನಾನು ಈ ಅಂಕಣದಲ್ಲಿ ಒತ್ತಿ ಹೇಳಬೇಕೆಂದಿರುವುದು ಇಷ್ಟೆ. ಬರುವವರು ಜರ್ಮನ್ ಭಾಷೆಯನ್ನು ಕಾಯಂ ನಿವಾಸದ ಅರ್ಜಿಗೆ ಬೇಕಾದ ಒಂದು ಪ್ರಮಾಣಪತ್ರವೆಂದು ಮಾತ್ರ ತಿಳಿಯುತ್ತಾರೆ. ಬಿ1 ಹಂತದ ಪತ್ರ ಕೈಸೇರಿದ ಮೇಲೆ ಪುಸ್ತಕವನ್ನು ಮುಚ್ಚುತ್ತಾರೆ. ಕಚೇರಿಯಲ್ಲಿ ಇಂಗ್ಲಿಷು, ಮನೆಯಲ್ಲಿ ಕನ್ನಡ, ನಡುವೆ ಮೌನ. ಮೋಗ್ಲಿಂಗ್‌ನಿಗಾಗಲಿ, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿ ಕೊನೆಗೆ ಇಲ್ಲಿಯೇ ಟ್ಯುಬಿಂಗನ್‌ನಲ್ಲಿ ಕಣ್ಮುಚ್ಚಿದ ಕಿಟ್ಟೆಲ್‌ನಿಗಾಗಲಿ ಅಂಥ ಮೌನ ಸಾಕೆನಿಸಲಿಲ್ಲ. ಅವರು ಬಂದ ಕಾರಣ ನಮಗೆ ಒಪ್ಪಿಗೆಯಾಗದಿದ್ದರೂ, ಬಂದ ನಾಡಿನ ಮಾತಿಗೆ ಅವರು ಕಿವಿಗೊಟ್ಟ ರೀತಿಯನ್ನು ಒಪ್ಪಲೇಬೇಕು. ನಾವು ಸಂಬಳಕ್ಕಾಗಿ ಬಂದವರು, ಅದು ತಪ್ಪಲ್ಲ. ಆದರೆ ನೆರೆಯವನ ಗುರುವಾರದ ಅಭ್ಯಾಸ ಏನೆಂದು ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಚರ್ಚೇ ಆಗಬೇಕೆಂದಿಲ್ಲ, ಫುಟ್‌ಬಾಲ್ ಸಂಘವಾಗಲಿ, ತೋಟಗಾರಿಕೆಯ ಸಂಘವಾಗಲಿ, ವಾರಕ್ಕೊಮ್ಮೆ ಹೋಗಿ ಕೂರುವ ಒಂದು ಜಾಗ ಬೇಕು. ಕಷ್ಟ ಬಂದ ದಿನ ಬಾಗಿಲು ತೆರೆಯುವವರು ಅಲ್ಲಿ ಸಿಗುತ್ತಾರೆ.

ಊರಿನಲ್ಲಿರುವ ಹಿರಿಯರಲ್ಲಿಯೂ ಒಂದು ವಿನಂತಿ. ಮಕ್ಕಳಿಗೆ ಫೋನು ಮಾಡಿದಾಗ ನೌಕರಿ, ವೀಸಾ, ಸಾಲಗಳ ಆಚೆಗೂ ಒಂದು ಪ್ರಶ್ನೆ ಕೇಳಿರಿ. ಈ ವಾರ ಯಾರ ಜೊತೆ ಮಾತಾಡಿದೆ ಎಂದು ಕೇಳಿರಿ. ಉತ್ತರ ತಡವಾಗಿ ಬಂದರೆ ಎಚ್ಚರಗೊಳ್ಳಿರಿ.

ಸಂಜೆ ಎಲ್ಲ ವಾದ್ಯಗಳೂ ಮತ್ತೆ ಚೌಕದಲ್ಲಿ ಸೇರಿದವು. ರೂಢಿಯಂತೆ ಕೊನೆಯದು ‘ಗ್ಲೋರಿಯಾ ಸೈ ಡೀರ್ ಗೆಸುಂಗನ್’. 1599ರಲ್ಲಿ ಅಚ್ಚಾದ ಫಿಲಿಪ್ ನಿಕೊಲಾಯ್‌ನ ಗೀತೆಯ ಕೊನೆಯ ಚರಣ, ಬಾಖ್ ಸ್ವರಹೊಂದಿಸಿದ ರೂಪದಲ್ಲಿ. ಅಷ್ಟು ಹಿತ್ತಾಳೆ ಒಮ್ಮೆಗೇ ನುಡಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ನನ್ನ ದೇವರು ಬೇರೆ. ಆದರೂ ಕೈ ತಾನಾಗಿ ಮುಗಿಯಿತು.

ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಹುಡುಗ ಪ್ಲಾಟ್‌ಫಾರಮಿನ ತುದಿಗೆ ಹೋಗಿ ಧಾರವಾಡಕ್ಕೆ ಫೋನು ಮಾಡಿದ. ಅಲ್ಲಿ ರಾತ್ರಿಯಾಗಿತ್ತು. ಬಹಳ ಹೊತ್ತು ಅವನೇ ಮಾತಾಡಿದ. ಮರಳಿ ಬಂದಾಗ, ಏನೆಂದರೆಂದು ಕೇಳಿದೆವು. “ಮೊದಲ ಉಣ್ಣು, ಆಮ್ಯಾಲೆ ನೋಡೂಣು ಅಂದ್ರು” ಎಂದ. ಅವನ ಮೂರನೆಯ ಪರೀಕ್ಷೆ ಇನ್ನೂ ಮುಂದಿದೆ. ಈಗ ಪ್ರತಿ ಗುರುವಾರ ಟ್ಯೂಬಾ ಶಿಕ್ಷಕರ ಮನೆಯ ಊಟದ ಮೇಜಿನಲ್ಲಿ ಅವನು ಓದುತ್ತಾನೆ. ಅವರು ಅಭ್ಯಾಸಕ್ಕೆ ಹೊರಟಾಗ ವಾದ್ಯವನ್ನು ಹೊತ್ತು ಚರ್ಚಿನ ಬಾಗಿಲವರೆಗೆ ಬಿಟ್ಟು ಬರುತ್ತಾನೆ.