ಮನೆಗಾಗಿ ನದಿಯ ಬಲಿಯೇ?

ಮರಳು ಬಗೆದ ನದಿಯ ಪಾತ್ರ ಆಳಕ್ಕಿಳಿದಂತೆ ದಡದ ಬಾವಿಗಳ ನೀರೂ ಕೆಳಗಿಳಿಯುತ್ತದೆ. 5 ಹೆಕ್ಟೇರಿಗಿಂತ ಚಿಕ್ಕ ಮರಳು ಗುತ್ತಿಗೆಗೂ ಪರಿಸರ ಅನುಮತಿ ಕಡ್ಡಾಯವೆಂದು ಸುಪ್ರೀಮ್ ಕೋರ್ಟ್ 2012ರಲ್ಲೇ ಆದೇಶಿಸಿದ್ದರೂ ಅಕ್ರಮ ಸಾಗಣೆ ನಿಂತಿಲ್ಲ.

ಪರ್ಯಾಯವಿಲ್ಲವೆಂಬುದು ಬರಿಯ ನೆಪ. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡನ್ನು 2016ರ ಭಾರತೀಯ ಮಾನದಂಡವೇ ಒಪ್ಪಿದೆ. ಸಿಮೆಂಟಿಗಾಗಿ ಸುಣ್ಣಕಲ್ಲು ಸುಡುವಾಗ ಅಪಾರ ಇಂಗಾಲಾನಿಲ ಹೊರಬೀಳುತ್ತದೆ. ರಾಯಚೂರಿನಂತಹ ಶಾಖೋತ್ಪನ್ನ ಸ್ಥಾವರಗಳ ಹಾರುಬೂದಿ ಸಿಮೆಂಟಿನ ಶೇ. 35ರಷ್ಟನ್ನೂ, ಉಕ್ಕು ಕಾರ್ಖಾನೆಗಳ ಸ್ಲ್ಯಾಗ್ ಶೇ. 70ರಷ್ಟನ್ನೂ ತುಂಬಲು ಮಾನದಂಡಗಳಲ್ಲಿ ಅವಕಾಶವಿದೆ.

ಆದರೆ ಕ್ವಾರಿಯ ಧೂಳನ್ನೇ ಎಂ-ಸ್ಯಾಂಡೆಂದು ಮಾರಿದರೆ ಕೇಳುವವರಾರು? ಸಾಲ ಮಾಡಿ ಸೂರು ಕಟ್ಟುವ ಬಡವನ ಬಳಿ ಪ್ರಯೋಗಾಲಯವಿಲ್ಲ. ಪ್ರತಿ ತಾಲೂಕಿನಲ್ಲೂ ತಪಾಸಣೆಯ ವ್ಯವಸ್ಥೆ ಮಾಡುವುದು ಸರಕಾರದ ಹೊಣೆ. ಗುಣಮಟ್ಟದ ಪ್ರಮಾಣಪತ್ರ ಕೇಳಿ ಪಡೆಯುವುದು ಮನೆ ಕಟ್ಟಿಸುವ ನಮ್ಮೆಲ್ಲರ ಹೊಣೆ. ನಂಬಿಕೆ ಕೆಟ್ಟರೆ ಜನರು ಮತ್ತೆ ನದಿಗೇ ಕೈ ಹಾಕುವರು.