ಬಂಡಿದಾರಿಗೆ ಅಡ್ಡಬಿದ್ದ ಮರ

ರೋಹಿಣಿ ಮಳೆಯ ಹೊತ್ತಿಗೆ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಏಳುವ ಬಿರುಗಾಳಿಯನ್ನು ಓದುಗ ಬಂಧುಗಳು ಬಲ್ಲರು. ಸಂಜೆ ಧೂಳೆದ್ದು ನಾಲ್ಕು ಹನಿ ಬೀಳುವಷ್ಟರಲ್ಲಿ ಬದುವಿನ ಬೇವು, ಜಾಲಿಗಳು ಬೇರುಸಹಿತ ಮಲಗಿರುತ್ತವೆ. ಇದರಲ್ಲಿ ಗಾಳಿಯಂತೆಯೇ ಎರೆಮಣ್ಣಿನ ಪಾಲೂ ಉಂಟು. ಬೇಸಿಗೆಯಲ್ಲಿ ಅದು ಕುಗ್ಗಿ ಬಿರುಕುಬಿಟ್ಟಾಗ ಸಣ್ಣ ಬೇರುಗಳು ಹರಿಯುತ್ತವೆ. ನೀರು ಕುಡಿದು ಉಬ್ಬಿದಾಗ ದೊಡ್ಡ ಬೇರಿನ ಹಿಡಿತವೂ ಸಡಿಲುತ್ತದೆ. 2020ರ ಅಕ್ಟೋಬರದ ಮಹಾಮಳೆಯಲ್ಲಿ ಬೋರಿ ನದಿ ಉಕ್ಕಿದುದನ್ನು ಕಂಡವರಿಗೆ ನೆನೆದ ಎರೆಯ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡಾಂಬರು ರಸ್ತೆಯ ಮೇಲೆ ಬಿದ್ದ ಮರವನ್ನು ಬಸ್ಸು ನಿಂತಿತೆಂಬ ಕಾರಣಕ್ಕಾದರೂ ಬೇಗ ತೆಗೆಯುತ್ತಾರೆ. ಬಂಡಿದಾರಿಯ ಮರಕ್ಕೆ ಕೇಳುವವರಿಲ್ಲ. ಬದು ಇಬ್ಬರದು, ಕಟ್ಟಿಗೆ ಯಾರದೆಂಬ ವಾದ ಮೊದಲು, ದಾರಿಯ ಮಾತು ಆಮೇಲೆ. ಅಷ್ಟರಲ್ಲಿ ಜನ ಪಕ್ಕದ ಹೊಲದಲ್ಲಿ ಹಾಯುತ್ತಾರೆ. ತೊಗರಿ, ಉದ್ದು ಬಿತ್ತಿದ ರೈತನು ಬೆಳೆ ತುಳಿದಾರೆಂದು ಮುಳ್ಳು ಹಚ್ಚುತ್ತಾನೆ. ಅವನನ್ನು ನಾವು ಪೂರ್ತಿ ದೂರಲಾರೆವು. ಬಿದ್ದ ಜಾಲಿಯೇ ಬೇಲಿಯಾಗುತ್ತದೆ. ಮರುವರ್ಷ ದಾರಿಯ ಮೇಲೂ ನೇಗಿಲು ಹಾಯ್ದರೆ ಹಳೆಯ ನಕಾಶೆಯೊಂದೇ ಸಾಕ್ಷಿ.

ಇದೆಲ್ಲ ನಮಗೆ ಕಾಣುವುದು ಹಾಜರಿಪುಸ್ತಕದಲ್ಲಿ. ಜೂನ್ ನಡುವಿಗೆ ಶಾಲೆ ತೆರೆದಾಗ ಹೊಲದ ವಸ್ತಿಯ ಮಕ್ಕಳು ಬರುವುದಿಲ್ಲ. ಗಂಡುಹುಡುಗರು ಹೇಗೋ ಮುಳ್ಳು ದಾಟಿ ಬಂದಾರು. ಹೆಣ್ಣುಮಕ್ಕಳನ್ನು ಸುತ್ತುದಾರಿಯಲ್ಲಿ ಒಂಟಿಯಾಗಿ ಕಳಿಸಲು ತಾಯಂದಿರು ಒಪ್ಪರು. ಹನ್ನೂರದಂತಹ ಗಡಿಯೂರಿನಲ್ಲಿ ಕನ್ನಡ ಶಾಲೆಗೆ ನಾಲ್ಕು ಮಕ್ಕಳು ಕಡಿಮೆಯಾಗುವುದು ಸಣ್ಣ ಮಾತಲ್ಲ.

ರೂಢಿಯ ದಾರಿಗೆ ಯಾರಾದರೂ ಅಡ್ಡಿಯೊಡ್ಡಿದರೆ 1906ರ ಮಾಮಲೇದಾರ ನ್ಯಾಯಾಲಯಗಳ ಕಾಯ್ದೆಯಂತೆ ತಹಶೀಲದಾರರು ಅದನ್ನು ತೆಗೆಸಬಲ್ಲರು. ಆದರೆ ಆರು ತಿಂಗಳೊಳಗೆ ದಾವೆ ಹೂಡಬೇಕು. ಬದುವಿನ ಮೇಲಿಂದ ಹೊಲಕ್ಕೆ ದಾರಿ ಕೇಳಲು 1966ರ ಜಮೀನು ಮಹಸೂಲ ಸಂಹಿತೆಯ 143ನೆಯ ಕಲಮು ಬೇರೆ ಉಂಟು. ಅರ್ಜಿಯನ್ನು ಮರಾಠಿಯಲ್ಲಿ ಬರೆಯಬೇಕಲ್ಲ ಎಂದು ಅಳುಕಿ ನಮ್ಮವರು ಆ ಆರು ತಿಂಗಳನ್ನೇ ಕಳೆದುಬಿಡುತ್ತಾರೆ! ಮನೆಯಲ್ಲಿ ಮರಾಠಿ ಕಲಿತ ಮಗನೋ ಮಗಳೋ ಇದ್ದರೆ ಅವರಿಂದ ಬರೆಯಿಸಿರಿ. ಇಲ್ಲವೇ ಶಾಲೆಗೆ ಬನ್ನಿರಿ. ಗಟ ನಂಬರು, ಅಡ್ಡಿಯಾದ ತಾರೀಖು, ಎಷ್ಟು ವರ್ಷಗಳಿಂದ ಬಂಡಿ ನಡೆಯುತ್ತಿತ್ತೆಂಬುದು ತಪ್ಪದೆ ಇರಲಿ.

ಅರ್ಜಿಯವರೆಗೆ ಹೋಗದಿದ್ದರೆ ಇನ್ನೂ ಒಳಿತು. ಎರಡು ಕೊಡಲಿ, ಒಂದು ಗರಗಸ, ಒಂದು ಜೋಡಿ ಎತ್ತು ಇದ್ದರೆ ಹೆಚ್ಚಿನ ಮರಗಳು ಒಂದು ಮುಂಜಾನೆಯ ಕೆಲಸ. ಹುಣಸೆ, ಮಾವುಗಳು ಮಾತ್ರ 1964ರ ಮರ ಕಡಿಯುವ ನಿರ್ಬಂಧ ಕಾಯ್ದೆಯ ಪಟ್ಟಿಯಲ್ಲಿರುವುದರಿಂದ ಮೊದಲು ಕಚೇರಿಯಲ್ಲಿ ವಿಚಾರಿಸಿರಿ. ಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟಿಡಿರಿ. ಪಾಲು ಹಿರಿಯರೆದುರು ನಿಧಾನವಾಗಿ ಆಗಲಿ. ದಾರಿ ಮಾತ್ರ ಕಾರಹುಣ್ಣಿಮೆಯೊಳಗೆ ತೆರವಾಗಿರಲಿ.