ಗದ್ದೆಯ ಬದುವಿನಲ್ಲಿ ಕೂತು ಆಡಿದ ಮಾತು

ಬೆಂಗಳೂರಿನ ಯಡಿಯೂರು ಕೆರೆ ದಂಡೆಯ ಬೆಳಗಿನ ನಡಿಗೆಯಲ್ಲಿ ಕನ್ನಡ, ತಮಿಳು ಬೆರೆತೇ ಕೇಳಿಸುತ್ತವೆ. ಸುತ್ತಲಿನ ಮನೆಗಳ ನಲ್ಲಿಗಳಲ್ಲಿ ಬರುವುದೂ ಕಾವೇರಿಯೇ. ಆ ಕಾವೇರಿಯ ಹೆಸರಿನಲ್ಲೇ 2016ರ ಸೆಪ್ಟೆಂಬರ್ 12ರಂದು, ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಡಿಸೋಜಾ ನಗರದಲ್ಲಿ ಸಾಲಾಗಿ ನಿಂತ ಬಸ್ಸುಗಳು ಸುಟ್ಟು ಬರೀ ಕಬ್ಬಿಣದ ಚೌಕಟ್ಟುಗಳಾದವು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ತಮಿಳುನಾಡಿಗೆ 205 ಟಿಎಂಸಿ ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶದ ಬೆನ್ನಿಗೆ, 1991ರ ಡಿಸೆಂಬರ್‌ನಲ್ಲೂ ನಗರ ಹೀಗೇ ಹೊತ್ತಿ ಉರಿದಿತ್ತು. ಕೂಲಿ ಮಾಡುವ ತಮಿಳರು ಗಂಟುಮೂಟೆ ಕಟ್ಟಿ ಊರು ಬಿಟ್ಟಿದ್ದರು.

ಈ ಎರಡು ಬೆಂಕಿಗಳ ನಡುವೆ ನಡೆದ ಒಂದು ಒಳ್ಳೆಯ ಕೆಲಸವನ್ನು ನಾವು ಮರೆತೇಬಿಟ್ಟಿದ್ದೇವೆ. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊ. ಎಸ್. ಜನಕರಾಜನ್ ಅವರ ಮುತುವರ್ಜಿಯಿಂದ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ರೈತರು ‘ಕಾವೇರಿ ಕುಟುಂಬ’ ಕಟ್ಟಿಕೊಂಡರು. ಇಲ್ಲಿಯವರು ಅಲ್ಲಿಗೆ ಹೋಗಿ ಮುಖಜ ಭೂಮಿಯ ಗದ್ದೆ ನೋಡಿದರು, ಅವರು ನಮ್ಮ ಕಡೆಯ ಜಮೀನಿಗೆ ಬಂದರು. ಎದುರಿನವನ ಬಿರುಕು ಬಿಟ್ಟ ನೆಲ ಕಣ್ಣಾರೆ ಕಂಡವನಿಗೆ ಅವನನ್ನು ಕಳ್ಳ ಎನ್ನಲು ಬಾಯಿ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಸಂಕಷ್ಟ ಹಂಚಿಕೊಳ್ಳುವುದು ಹೇಗೆಂಬ ಲೆಕ್ಕಕ್ಕೂ ಅವರು ಕೂತರು. ಸರ್ಕಾರಗಳು ಮಾತ್ರ ಆ ಲೆಕ್ಕವನ್ನು ಕೈಗೆತ್ತಿಕೊಳ್ಳಲಿಲ್ಲ.

2018ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ ಪಾಲು 177.25 ಟಿಎಂಸಿ ಎಂದು ಹೇಳಿತು. ಆದರೂ 2023ರಲ್ಲಿ ಮಳೆ ಕೊರತೆಯಾದಾಗ ಬಂದ್‌ಗಳು ತಪ್ಪಲಿಲ್ಲ. ಕಾವೇರಿ ಕುಟುಂಬದ ರೈತರ ಮಾತುಕತೆಗೆ ಎರಡೂ ಸರ್ಕಾರಗಳು, ಜಲಾಶಯ ತುಂಬಿದ ವರ್ಷದಲ್ಲೇ, ಅಧಿಕೃತ ಸ್ಥಾನ ಕೊಡಲಿ.